ರೆಗ್ಯುಲೇಟರ್ ಬಿಚ್ಚದೆಯೇ ‘ಎಲ್ಲಾ ಸೀಲು ಬದಲಾಯಿಸಿದೆ’ ಎಂದರು: ಏರ್ ರೈಫಲ್ ರಿಪೇರಿಗೆ ಕೊಡುವವರು ದಯವಿಟ್ಟು ಓದಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಪಾಲಿಟೆಕ್ನಿಕ್‌ನಲ್ಲಿ ಹತ್ತೊಂಬತ್ತು ವರ್ಷಗಳಿಂದ ಮೆಕ್ಯಾನಿಕಲ್ ವಿಭಾಗದ ಮಕ್ಕಳಿಗೆ ಓ-ರಿಂಗ್ (ಗಾಳಿ ಸೋರದಂತೆ ಸೀಲಾಗಿ ಕೂರುವ ರಬ್ಬರ್ ಬಳೆ) ಎಂದರೇನು, ಅದು ಒತ್ತಡವನ್ನು ಹೇಗೆ ತಡೆಹಿಡಿಯುತ್ತದೆ ಎಂದು ಪಾಠ ಹೇಳುತ್ತಿರುವವನೇ ಓ-ರಿಂಗ್ ವಿಷಯದಲ್ಲಿ 9,400 ರೂಪಾಯಿ ಕಳೆದುಕೊಂಡೆನೆಂದರೆ ಯಾರಿಗಾದರೂ ನಗು ಬಂದೀತು. ನಗುವವರು ನಗಲಿ, ಆದರೆ ಮಗಳ ಅಥವಾ ಮಗನ ರೈಫಲನ್ನು ಹೆಗಲಿಗೇರಿಸಿಕೊಂಡು ಬೆಂಗಳೂರಿಗೆ ಹೊರಡುವ ಮೊದಲು ಇದನ್ನು ಓದಲಿ.

ಮಗಳು ಮೈಸೂರಿನಲ್ಲಿ ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಹೊಸ ಮ್ಯಾಚ್ ರೈಫಲ್ ನಮ್ಮ ಕೈಗೆಟುಕುವ ಬೆಲೆಯದಲ್ಲವಾದ್ದರಿಂದ ಜರ್ಮನಿಯ ಕಂಪನಿಯೊಂದರ ಹಳೆಯ ಪಿಸಿಪಿ, ಅಂದರೆ ಸಿಲಿಂಡರಿನಲ್ಲಿ ಮೊದಲೇ ತುಂಬಿಸಿಟ್ಟ ಒತ್ತಡದ ಗಾಳಿಯಿಂದ ಹೊಡೆಯುವ ರೈಫಲನ್ನು ಕೊಂಡಿದ್ದೆವು. 200 ಬಾರ್ ಒತ್ತಡಕ್ಕೆ ಗಾಳಿ ತುಂಬಿಸಿದರೆ ಇನ್ನೂರಕ್ಕೂ ಹೆಚ್ಚು ಪೆಲೆಟ್ (ಸಣ್ಣ ಗುಂಡು) ಹಾರಿಸಬಹುದಾದ ರೈಫಲ್ ಅದು. ಆದರೆ ರಾತ್ರಿ ತುಂಬಿಸಿಟ್ಟ ಸಿಲಿಂಡರಿನ ಮುಳ್ಳು ಬೆಳಗಾಗುವಷ್ಟರಲ್ಲಿ 130ಕ್ಕೆ ಇಳಿಯತೊಡಗಿತು. ಅರವತ್ತು ಹೊಡೆತಗಳ ಪಂದ್ಯದಲ್ಲಿ ಹತ್ತರ ಗುರುತು ಅರ್ಧ ಮಿಲಿಮೀಟರಿನ ಚುಕ್ಕೆ. ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿ ಬಿಡುವ ಭಾಗವೇ ರೆಗ್ಯುಲೇಟರ್; ಸಿಲಿಂಡರಿನ ಒತ್ತಡ ಅದರ ಮಟ್ಟಕ್ಕಿಂತ ಕೆಳಗಿಳಿದ ಮೇಲೆ ಪೆಲೆಟ್ಟುಗಳು ಒಂದರ ಕೆಳಗೊಂದು ಬೀಳತೊಡಗುತ್ತವೆ, ಮಗು ತನ್ನ ಕೈಯೇ ನಡುಗುತ್ತಿದೆ ಎಂದುಕೊಳ್ಳುತ್ತದೆ. ನನ್ನ ಮಗಳೂ ಮೂರು ವಾರ ಹಾಗೆಯೇ ಅಂದುಕೊಂಡಿದ್ದಳು. ನನ್ನ ಸಿಟ್ಟಿನ ಅರ್ಧ ಭಾಗ ಅದರದ್ದು.

ಪರಿಚಯದವರೊಬ್ಬರು ಬೆಂಗಳೂರಿನ ಒಬ್ಬ ರಿಪೇರಿಯವರ ಹೆಸರು ಹೇಳಿದರು. ಆತನ ಮೇಜಿನ ಹಿಂದೆ ಸಣ್ಣ ಸಣ್ಣ ಡ್ರಾಯರುಗಳು, ಒಂದೊಂದರ ಮೇಲೂ ಅಳತೆಯ ಚೀಟಿ. ನೈಟ್ರೈಲ್ ರಬ್ಬರ್, 90 ಶೋರ್ ಗಟ್ಟಿತನ, ಎಲ್ಲವನ್ನೂ ಸರಿಯಾಗಿಯೇ ಹೇಳಿದರು. ನಾನು ತರಗತಿಯಲ್ಲಿ ಹೇಳುವ ಮಾತುಗಳನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿದ ಸಂತೋಷದಲ್ಲಿ ನಾನು ಕೇಳಬೇಕಾಗಿದ್ದ ಒಂದೇ ಒಂದು ಪ್ರಶ್ನೆಯನ್ನು ಕೇಳಲಿಲ್ಲ: ತೆಗೆದ ಹಳೆಯ ಸೀಲುಗಳನ್ನು ನನಗೆ ಕೊಡುತ್ತೀರಾ? ನಮ್ಮ ಬೀದಿಯ ಸ್ಕೂಟರ್ ಮೆಕ್ಯಾನಿಕ್ ಕೂಡ ಹಳೆಯ ಬ್ರೇಕ್ ಶೂಗಳನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾನೆ.

ಹದಿನೆಂಟು ದಿನಗಳ ನಂತರ ರೈಫಲ್ ಸಿಕ್ಕಿತು. ಬಿಲ್ಲಿನಲ್ಲಿ ‘ಸಂಪೂರ್ಣ ಸೀಲ್ ಕಿಟ್, ಒರಿಜಿನಲ್, 6,200, ರೆಗ್ಯುಲೇಟರ್ ಸರ್ವಿಸ್ ಮತ್ತು ಕೂಲಿ, 3,200’ ಎಂದಿತ್ತು. ರೈಫಲನ್ನು ಒರೆಸಿ ಹೊಳೆಯುವಂತೆ ಮಾಡಿದ್ದರು. ಸಿಲಿಂಡರಿನ ಮೇಲೆ ತಮ್ಮ ಮೊಬೈಲ್ ಸಂಖ್ಯೆಯ ಸ್ಟಿಕ್ಕರನ್ನೂ ಅಂಟಿಸಿದ್ದರು. ಅಂಟಿಸಿದ್ದು ಸಿಲಿಂಡರಿನ ದಿನಾಂಕದ ಮೇಲೆಯೇ. ಪಂದ್ಯದ ಸಿಲಿಂಡರನ್ನು ಹತ್ತು ವರ್ಷ ಮೀರಿ ಬಳಸುವಂತಿಲ್ಲ, ತಪಾಸಣೆಯಲ್ಲಿ ಮೊದಲು ನೋಡುವ ಸಂಗತಿಗಳಲ್ಲಿ ಅದೂ ಒಂದು ಎಂಬುದು ಈ ಕೆಲಸ ಮಾಡುವವರಿಗೆ ತಿಳಿಯದ ವಿಷಯವೇನಲ್ಲ.

ಆ ರಾತ್ರಿ 200 ತುಂಬಿಸಿದೆ. ಬೆಳಗ್ಗೆ 120. ಮೊದಲಿಗಿಂತಲೂ ಹತ್ತು ಕಡಿಮೆ!

ಫೋನ್ ಮಾಡಿದೆ. “ಸಾರ್, ಹೊಸ ಸೀಲು, ಸರಿಯಾಗಿ ಕೂರಬೇಕಲ್ಲ. ಐವತ್ತು ಶಾಟ್ ಹಾರಿಸಿ, ತಾನಾಗಿಯೇ ನಿಲ್ಲುತ್ತೆ” ಎಂದರು. ಮಗಳು ನೂರು ಹಾರಿಸಿದಳು, ನಿಲ್ಲಲಿಲ್ಲ. ಎರಡನೆಯ ಸಲ, “ರಾತ್ರಿ ಚಳಿಗೆ ಒತ್ತಡ ಇಳಿಯುತ್ತೆ ಸಾರ್, ನೀವೇ ಮೇಷ್ಟ್ರು, ನಿಮಗೆ ಗೊತ್ತಿರಬೇಕಲ್ಲ” ಎಂಬ ಉತ್ತರ ಬಂತು. ನನ್ನನ್ನು ಕಟ್ಟಿಹಾಕಿದ್ದು ಈ ಮಾತು, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ತಂಪಾದರೆ ಒತ್ತಡ ಇಳಿಯುವುದು ನಿಜ. ಆದರೆ ಸಂಜೆ 29 ಡಿಗ್ರಿ ಇದ್ದದ್ದು ಬೆಳಗಿನ ಜಾವ 21ಕ್ಕೆ ಇಳಿದರೆ 200 ಬಾರ್ ಸುಮಾರು 195 ಆಗುತ್ತದೆಯೇ ಹೊರತು 120 ಆಗುವುದಿಲ್ಲ; ಈ ಲೆಕ್ಕವನ್ನು ಮೊದಲ ವರ್ಷದ ಹುಡುಗರು ಮಾಡುತ್ತಾರೆ, ನಾನು ಮಾತ್ರ ಫೋನಿನಲ್ಲಿ ‘ಹೌದು, ಹೌದು’ ಎಂದು ತಲೆಯಾಡಿಸಿದೆ. ಮೂರನೆಯ ಸಲ ದೋಷ ನಮ್ಮ ಕೈಪಂಪಿನದ್ದಾಯಿತು, ಅದರಿಂದ ನೀರು ಹೋಗಿ ಸೀಲು ಹಾಳಾಗಿದೆಯಂತೆ. ಮೂರೇ ದಿನದಲ್ಲಿ! ಆ ಪಂಪಿಗೆ ತೇವ ಹೀರುವ ಫಿಲ್ಟರ್ ಇದೆ ಎಂದು ಹೇಳಿದ್ದಕ್ಕೆ ಒಂದು ಹೆಬ್ಬೆರಳಿನ ಚಿತ್ರ ಬಂತು.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಮೊದಲೇ ಮಾಡಬೇಕಾಗಿತ್ತು. ಈ ರೈಫಲುಗಳ ಸಿಲಿಂಡರನ್ನು ತಿರುಗಿಸಿ ಬಿಡಿಸಿದರೆ ಅದರ ಸ್ವಂತ ವಾಲ್ವ್ ಮುಚ್ಚಿಕೊಳ್ಳುತ್ತದೆ. ಬಿಡಿಸಿ ಒಂದು ರಾತ್ರಿ ಇಟ್ಟೆ, ಒತ್ತಡ ಹಾಗೇ ಉಳಿಯಿತು. ರೈಫಲಿಗೆ ಸೇರಿಸಿ ಇಟ್ಟೆ, ಇಳಿಯಿತು. ಎಂದಮೇಲೆ ಸೋರಿಕೆ ಸಿಲಿಂಡರಿನದ್ದಲ್ಲ, ರೈಫಲಿನದ್ದು. ಪೆಲೆಟ್ ಇಲ್ಲವೆಂದು ಖಚಿತಪಡಿಸಿಕೊಂಡು ನಳಿಗೆಯ ತುದಿಗೆ ಬಲೂನು ಕಟ್ಟಿಟ್ಟೆ, ಅದು ಉಬ್ಬಲಿಲ್ಲ. ಅಂದರೆ ಹೊಡೆತದ ವಾಲ್ವ್ ಸರಿಯಿದೆ. ಸಾಬೂನು ನೀರು ಹಚ್ಚಿದಾಗ ಸಿಲಿಂಡರ್ ಕೂಡುವ ಜಾಗದಲ್ಲಿ ದೊಡ್ಡ ಗುಳ್ಳೆಗಳೂ ರೆಗ್ಯುಲೇಟರಿನ ಪಕ್ಕದ ಸಣ್ಣ ರಂಧ್ರದಲ್ಲಿ ನಿಧಾನವಾಗಿ ಏಳುವ ಕಿರುಗುಳ್ಳೆಗಳೂ ಕಂಡವು.

ನಮ್ಮ ಊರಿನಲ್ಲಿ ತಮ್ಮ ರೈಫಲನ್ನು ತಾವೇ ಬಿಚ್ಚಿ ಜೋಡಿಸುವ ಹಿರಿಯ ಶೂಟರ್ ಒಬ್ಬರಿದ್ದಾರೆ. ಅವರಲ್ಲಿಗೆ ಒಯ್ದೆ. ಅವರು ಸಿಲಿಂಡರ್ ಬಿಡಿಸಿ, ಒಳಗೆ ಉಳಿದ ಗಾಳಿಯನ್ನು ಗುರಿಹಲಗೆಯ ಕಡೆಗೆ ಖಾಲಿ ಹೊಡೆತ ಹೊಡೆದು ಪೂರ್ತಿ ಹೊರಹಾಕಿ, ಆಮೇಲೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. ರೆಗ್ಯುಲೇಟರಿನ ಮುಚ್ಚಳಕ್ಕೆ ಟಾರ್ಚ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ಈ ಕೆಂಪು ಗೆರೆ ನೀವು ಎಳೆದದ್ದೋ?” ಎಂದು ಕೇಳಿದರು.

ನಾನೇ ಎಳೆದದ್ದು. ರೈಫಲ್ ಕೊಂಡ ವಾರ, ಮುಚ್ಚಳ ತಾನಾಗಿ ಸಡಿಲವಾದರೆ ತಿಳಿಯಲೆಂದು ಮುಚ್ಚಳಕ್ಕೂ ಕೊಳವೆಗೂ ಸೇರಿಸಿ ಮಗಳ ನೈಲ್ ಪಾಲಿಶ್‌ನಿಂದ ಒಂದು ಗೆರೆ ಎಳೆದಿದ್ದೆ. ಆ ಗೆರೆ ಕೂದಲೆಳೆಯಷ್ಟೂ ಒಡೆಯದೆ ಹಾಗೆಯೇ ಇತ್ತು. ಮುಚ್ಚಳವನ್ನು ಯಾರೂ ಮುಟ್ಟಿರಲೇ ಇಲ್ಲ. ಹದಿನೆಂಟು ದಿನ, 3,200 ರೂಪಾಯಿಯ ‘ರೆಗ್ಯುಲೇಟರ್ ಸರ್ವಿಸ್’, ಮುಚ್ಚಳವನ್ನು ಮುಟ್ಟಿರಲೇ ಇಲ್ಲ! ಆ ಗೆರೆ ಐದು ದಿನ ನನ್ನ ಕಣ್ಣೆದುರಿಗೇ ಇತ್ತು, ನಾನು ನೋಡಿರಲಿಲ್ಲ. ಅವರ ಎದುರು ಕುಳಿತಿದ್ದ ನನಗೆ ಕಿವಿ ಬಿಸಿಯಾದದ್ದು ಇನ್ನೂ ನೆನಪಿದೆ.

ಒಳಗಿನ ಓ-ರಿಂಗುಗಳು ಹಳೆಯವೇ, ದುಂಡಗಿರಬೇಕಾದವು ಒಂದು ಬದಿಗೆ ಚಪ್ಪಟೆಯಾಗಿದ್ದವು. ಬದಲಾಯಿಸಿದ್ದು ಹೊರಗೆ ಕಾಣುವ ಒಂದೇ ಒಂದನ್ನು, ಸಿಲಿಂಡರ್ ಕೂಡುವ ಜಾಗದ್ದನ್ನು. ಅದೂ ರಿಂಗು ಕೂರುವ ತೋಡಿಗಿಂತ ದಪ್ಪವಾದ ಮೆತ್ತನೆಯ ರಿಂಗು, ಕೊಳಾಯಿ ಕೆಲಸದವರ ಡಬ್ಬಿಯಲ್ಲಿ ಸಿಗುವಂಥದ್ದು. ತಿರುಗಿಸುವಾಗ ಅಂಚು ಸಿಕ್ಕಿ ಕತ್ತರಿಸಿಹೋಗಿತ್ತು. ಅದರ ಮೇಲೆ ಟೆಫ್ಲಾನ್ ಟೇಪಿನ ಎರಡು ಸುತ್ತು. ಎಲ್ಲಕ್ಕಿಂತ ಸಿಟ್ಟು ಬಂದದ್ದು ಬೇರಿಂಗಿಗೆ ಹಚ್ಚುವ ಹಳದಿ ಗ್ರೀಸನ್ನು ನೋಡಿ. ಇಷ್ಟು ಒತ್ತಡದ ಗಾಳಿಯಿರುವ ಜಾಗಕ್ಕೆ ಸಿಲಿಕೋನ್ ಗ್ರೀಸನ್ನು, ಅದನ್ನೂ ತೆಳುವಾಗಿ ಹಚ್ಚುವುದು ವಾಡಿಕೆ. ಖನಿಜ ತೈಲದ ಗ್ರೀಸ್ ಅಧಿಕ ಒತ್ತಡದ ಗಾಳಿ ಸೇರಿದಾಗ ಹೊತ್ತಿಕೊಳ್ಳಬಲ್ಲದು. ಆ ರೈಫಲಿಗೆ ಕೆನ್ನೆ ಒತ್ತಿ ಗುರಿ ಹಿಡಿಯುವುದು ನನ್ನ ಮಗಳು.

ಹಿರಿಯರು ಹಳೆಯ ಗ್ರೀಸನ್ನೆಲ್ಲ ತೆಗೆದು, ತೋಡುಗಳನ್ನು ಅಳೆದು, ಸರಿಯಾದ ರಿಂಗುಗಳನ್ನು ಹಾಕಿದರು. ಎಲ್ಲ ರಿಂಗುಗಳಿಗೂ ಸೇರಿ ಆದ ಖರ್ಚು 340 ರೂಪಾಯಿ, ಕೂಲಿ ಎಂದು ಅವರು ಏನನ್ನೂ ತೆಗೆದುಕೊಳ್ಳಲಿಲ್ಲ. ಈಗ ರಾತ್ರಿ 200 ಇಟ್ಟರೆ ಬೆಳಗ್ಗೆ 196 ತೋರಿಸುತ್ತದೆ, ಬಿಸಿಲೇರಿದರೆ ಮತ್ತೆ 200.

ಗೆರೆಯ ಫೋಟೋವನ್ನೂ ಕತ್ತರಿಸಿದ ರಿಂಗಿನ ಫೋಟೋವನ್ನೂ ಬೆಂಗಳೂರಿಗೆ ಕಳಿಸಿದೆ. “ನೀವು ಹೊರಗೆ ಬಿಚ್ಚಿಸಿದ್ದೀರಿ, ಇನ್ನು ಗ್ಯಾರಂಟಿ ಇಲ್ಲ ಮೇಷ್ಟ್ರೇ” ಎಂಬ ಉತ್ತರ ಬಂತು. ಅಲ್ಲಿಯವರೆಗೆ ‘ಸಾರ್’ ಆಗಿದ್ದವನು ಅವತ್ತು ಬರೀ ‘ಮೇಷ್ಟ್ರೇ’ ಆದೆ. ಗ್ಯಾರಂಟಿ ಯಾವುದಕ್ಕೆ ಎಂದು ಕೇಳಿದೆ, ಬದಲಾಯಿಸದ ಸೀಲಿಗೋ? ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ.

ನೀವು ರೈಫಲ್ ಕೊಡುವುದಾದರೆ ಪ್ರತಿ ಮುಚ್ಚಳದ ಮೇಲೂ ಒಂದು ಗೆರೆ ಎಳೆದು ಫೋಟೋ ತೆಗೆದಿಟ್ಟುಕೊಳ್ಳಿ, ಹಳೆಯ ಸೀಲುಗಳನ್ನು ಕೈಗೆ ಕೊಟ್ಟ ಮೇಲೆಯೇ ಹಣ ಎಂದು ಮೊದಲೇ ಹೇಳಿ, ಸಿಲಿಂಡರನ್ನು ಬಿಡಿಸಿಟ್ಟು ಸೋರುತ್ತಿರುವುದು ಯಾವುದೆಂದು ಮನೆಯಲ್ಲೇ ನೋಡಿಕೊಂಡು ಹೋಗಿ. ‘ಹೊಸ ಸೀಲು ಕೂರಬೇಕು’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬೆಂಗಳೂರಿನಲ್ಲಿ ರಿಪೇರಿಗೆ ಕೊಡಲು ಹೊರಟವರು ನನಗೆ ನೇರವಾಗಿ ಸಂದೇಶ ಕಳಿಸಿದರೆ ಬಿಲ್ಲಿನ ಪ್ರತಿಯನ್ನು ಕಳಿಸುತ್ತೇನೆ. ಹಣ ಇನ್ನೂ ವಾಪಸ್ ಬಂದಿಲ್ಲ.