ಒಂದನೇ ಕ್ಲಾಸಿಗೆ ಯಾವ ಶಾಲೆ? ಮಂಜೇಶ್ವರದ ಕಡೆಯ ಲೆಕ್ಕಾಚಾರ

ಇಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆ, ಮಗುವನ್ನು ಊರಿನ ಸಣ್ಣ ಸರಕಾರಿ ಶಾಲೆಯ ಕನ್ನಡ ಮಾಧ್ಯಮಕ್ಕೆ ಹಾಕುವುದೋ, ಮಲಯಾಳಕ್ಕೋ, ಖಾಸಗಿ ಇಂಗ್ಲಿಷ್ ಶಾಲೆಗೋ ಎಂದು ಕೇಳಿದ್ದೀರಿ.

ಖರ್ಚಿನ ಮಾತು ಸುಲಭ. ಸರಕಾರಿ ಶಾಲೆಯಲ್ಲಿ ಫೀಸಿಲ್ಲ, ಪುಸ್ತಕ, ಮಧ್ಯಾಹ್ನದ ಊಟ ಸಿಗುತ್ತದೆ. ಖಾಸಗಿಯಲ್ಲಿ ಫೀಸಿನ ಮೇಲೆ ವ್ಯಾನಿನ ಖರ್ಚೂ ಸೇರುತ್ತದೆ.

ಫಲಿತಾಂಶ ನೋಡುವಾಗ ಮಾತ್ರ ಜಾಗ್ರತೆ. ನಾಲ್ಕನೇ ಕ್ಲಾಸಿನಲ್ಲಿ 8 ಮಕ್ಕಳಿದ್ದರೆ ಒಂದು ಮಗು ಎಂದರೆ 12.5 ಶೇಕಡಾ. ಒಬ್ಬರಿಗೆ ನಾಲ್ಕನೇ ಕ್ಲಾಸಿನ ಸರಕಾರಿ ಸ್ಕಾಲರ್‌ಶಿಪ್ ತಪ್ಪಿದರೂ ಶಾಲೆ ಕುಸಿದಂತೆ ಕಾಣುತ್ತದೆ. ಸುಮ್ನೆ ಒಂದು ವರ್ಷದ ಅಂಕಿ ನಂಬಬೇಡಿ, ನಾಲ್ಕೈದು ವರ್ಷದ್ದು ಕೇಳಿ. ಕ್ಲಾಸಿಗೇ ಹೋಗಿ ಮೂರನೇ ತರಗತಿಯ ಮಗು ಹೊಸ ಪುಟ ಓದುತ್ತದಾ ನೋಡಿ. ನನಗೆ ಅದೇ ದೊಡ್ಡ ಪರೀಕ್ಷೆ.

ಜೊತೆಗಿರುವ ಮಕ್ಕಳು ಯಾರು ಎನ್ನುವುದೂ ಮುಖ್ಯ. ಇಲ್ಲಿ ಒಂದೇ ಬೆಂಚಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವ ಮಕ್ಕಳಿರುತ್ತಾರೆ. ಕನ್ನಡವೂ ಹಲವರಿಗೆ ಮನೆಮಾತಲ್ಲ, ಅಲ್ವಾ? ಆದರೂ ತುಳು ಮನೆಯ ಮಗುವಿಗೆ ಕನ್ನಡ ಬೇಗ ಹತ್ತಿರವಾಗುತ್ತದೆ. ಮನೆಯಲ್ಲಿ ಮಲಯಾಳವೇ ಜಾಸ್ತಿ ಇದ್ದರೆ ಮಲಯಾಳ ಮಾಧ್ಯಮವೇ ಹಗುರ.

ಮುಂದಿನ ದಾರಿಯನ್ನೂ ನೋಡಿ. ಎಸ್‌ಎಸ್‌ಎಲ್‌ಸಿಯನ್ನು ಕನ್ನಡದಲ್ಲೇ ಬರೆಯಬಹುದು. ಪ್ಲಸ್ ಟು (ಕರ್ನಾಟಕದ ಪಿಯುಸಿಯಂತೆ) ವಿಜ್ಞಾನಕ್ಕೆ ಇಂಗ್ಲಿಷ್ ಬೇಕೇ ಬೇಕು, ಅದನ್ನು ಮೊದಲಿನಿಂದಲೇ ಗಟ್ಟಿ ಮಾಡಿ. ಜಿಲ್ಲೆಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆ ಮೀಸಲಾದ, ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಮೂಲಕ ತುಂಬುವ ಸರಕಾರಿ ಹುದ್ದೆಗಳಿವೆ. ವರ್ಗಾವಣೆಯ ಕೆಲಸದಲ್ಲಿ ಊರೂರು ಸುತ್ತುವ ಮನೆಯವರಿಗೆ ಇಂಗ್ಲಿಷ್ ಶಾಲೆ ಅನುಕೂಲ. ಊರಲ್ಲೇ ನೆಲೆಸುವವರಾದರೆ, ಓದಿಸುವ ಟೀಚರ್ ಇದ್ದರೆ, ನಾನು ಕನ್ನಡ ಕ್ಲಾಸಿನ ಬಾಗಿಲನ್ನೇ ಮೊದಲು ತಟ್ಟುತ್ತೇನೆ.