ಆಣೆಕಲ್ಲಿಗೆ ಬಲೆಯೋ, ಪ್ಲಾಸ್ಟಿಕ್ಕೋ, ಬರೀ ವಿಮೆಯೋ?

ಒಂದು ಎಕರೆಗೆ ಬಲೆ, ಒಂದಕ್ಕೆ ಪ್ಲಾಸ್ಟಿಕ್ ಹೊದಿಕೆ, ಇನ್ನೊಂದಕ್ಕೆ ಬರೀ ವಿಮೆ. ಪುಣೆ ಜಿಲ್ಲೆಯ ನಾರಾಯಣಗಾಂವ್ ಹತ್ತಿರ ನಮ್ಮ ಮೂರು ಎಕರೆ ಜಂಬೋ ಕಪ್ಪು ದ್ರಾಕ್ಷಿಯಲ್ಲಿ ಇವನ್ನು ಪಕ್ಕಪಕ್ಕದಲ್ಲೇ ಇಟ್ಟು ಮೂರು ಬೇಸಿಗೆ ನೋಡಿದ್ದೇನೆ. ನಮ್ಮ ಮೂಲ ವಿಜಯಪುರದ ತಿಕೋಟಾ. ಊರಿನವರು ಫೋನ್ ಮಾಡಿದಾಗೆಲ್ಲ ಕೇಳುವುದು ಇದನ್ನೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪ್ಲಾಸ್ಟಿಕ್. ಕಟಾವಿಗೆ ಬಂದ ಹಣ್ಣಿನ ಮೇಲೆ ಮಳೆ ಬಿದ್ದರೆ ಮಣಿ ಸೀಳುತ್ತದೆ. ಫೆಬ್ರವರಿಯ ಅಕಾಲ ಮಳೆಯಲ್ಲಿ ಈ ಎಕರೆಯ ಗೊನೆ ಒಣಗಿಯೇ ಇತ್ತು, ಒಂದು ಮಣಿಯೂ ಒಡೆಯಲಿಲ್ಲ. ಎಲೆ ನೆನೆಯದ ಕಾರಣ ಡೌನಿ ಎಂಬ ಶಿಲೀಂಧ್ರ ರೋಗವೂ ಕಡಿಮೆ, ಔಷಧಿ ಖರ್ಚು ಉಳಿಯಿತು. ಆದರೆ ಒಳಗೆ ಸೆಕೆ, ಗಾಳಿ ಆಡುವುದಿಲ್ಲ. ಬೂದಿ ರೋಗ ಜಾಸ್ತಿಯಾಯಿತು. ಇನ್ನೊಂದು ತೊಂದರೆ ಬಿರುಗಾಳಿ. ಒಂದು ಸಂಜೆ ಹೊದಿಕೆಯ ತುದಿ ಕಿತ್ತುಹೋಯಿತು. ಹರಿದ ಅಂಚು ರಾತ್ರಿಯಿಡೀ ಗೊನೆಗಳಿಗೆ ಪಟಪಟ ಬಡಿದು, ಬೆಳಿಗ್ಗೆ ಆ ಸಾಲಿನ ಮಣಿಗಳ ಸಿಪ್ಪೆ ಉಜ್ಜಿಹೋಗಿತ್ತು.

ವಿಮೆ ಬಗ್ಗೆ ಹೆಚ್ಚು ಹೇಳುವುದಿಲ್ಲ. 2016ರಿಂದ ಇರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟದ ಬೆಳೆಗೆ ರೈತ ಕಟ್ಟುವ ಪಾಲು ಸಾಮಾನ್ಯವಾಗಿ ವಿಮಾ ಮೊತ್ತದ ಶೇ. 5. ಹಣ ಸಿಗುವುದು ಹವಾಮಾನ ಕೇಂದ್ರದ ಅಳತೆ ನೋಡಿ. ಆಣೆಕಲ್ಲು ನಮ್ಮ ಸಾಲಿನಲ್ಲಿ ಬಿದ್ದು ಪಕ್ಕದ ಊರಲ್ಲಿ ಬೀಳದೇ ಇರಬಹುದು, ಅಲ್ವಾ? ಆಣೆಕಲ್ಲಿನ ವಿಮೆಗೆ ಬೇರೆ ಕಂತು ಕಟ್ಟಬೇಕು. ಮೊದಲ ವರ್ಷ ನಾವು ಕಟ್ಟಿರಲಿಲ್ಲ. ಮುಂದಿನ ವರ್ಷ ಕಟ್ಟಿ, 72 ಗಂಟೆಯೊಳಗೆ ತಿಳಿಸಿಯೂ ತಿಳಿಸಿದೆವು. ನೋಡಲು ಬರಬೇಕಾದವರು ಬಂದದ್ದು ತಡವಾಗಿ. ಅಷ್ಟರಲ್ಲಿ ಒಡೆದ ಮಣಿಗಳಿಗೆ ಹುಳಿ ವಾಸನೆ ಬಂದು ನೊಣ ಮುತ್ತಿದ್ದವು. ಕತ್ತರಿಸಿ ತೆಗೆಯದೆ ದಾರಿಯಿರಲಿಲ್ಲ. ಫೋಟೋ ತೆಗೆದಿಟ್ಟಿದ್ದರಿಂದ ಸ್ವಲ್ಪ ಹಣ ಬಂತು.

ಈಗ ಬಲೆ. ಮೊದಲ ಸಲ ನಾವು ಅದನ್ನು ಬಳ್ಳಿ ಹಬ್ಬಿಸುವ ಮಂಡಪದ ಮೇಲೆ ಚಪ್ಪಟೆಯಾಗಿ ಹಾಸಿದ್ದೆವು. ಕಲ್ಲು ಜಾರಲಿಲ್ಲ. ನಡುವೆ ಹೊಟ್ಟೆಯಂತೆ ಇಳಿದು ತುಂಬಿಕೊಂಡು, ಭಾರಕ್ಕೆ ಎರಡು ಕಂಬ ವಾಲಿದವು. ಮರುವರ್ಷ ನಡುವೆ ಎತ್ತರದ ತಂತಿ ಎಳೆದು ಮನೆಯ ಮಾಡಿನಂತೆ ಇಳಿಜಾರು ಮಾಡಿದೆವು, ಸಾಲುಗಳ ನಡುವೆ ಸಂದು ಬಿಟ್ಟೆವು. ಕಲ್ಲು ಸರಸರ ಜಾರಿ ಸಂದಿನಲ್ಲಿ ಬಿತ್ತು. ಕಪ್ಪು ಬಲೆ ಹೆಚ್ಚು ವರ್ಷ ಬಾಳುತ್ತದೆ, ಆದರೆ ಬೆಳಕು ಕಡಿಮೆ. ಹಣ್ಣಿಗೆ ಬಣ್ಣ ಬೇಕು ಅಂತ ನಾವು ಬಿಳಿಯದನ್ನೇ ಹಾಕಿದೆವು. ಮಳೆಯನ್ನು ಮಾತ್ರ ಬಲೆ ತಡೆಯುವುದಿಲ್ಲ.

ಬಲೆಯ ಬೆಲೆ ಗೊತ್ತಾದದ್ದು ಮೇ ತಿಂಗಳಲ್ಲಿ. ಹಣ್ಣು ಮಾರಿ ಆಗಿತ್ತು, ಪ್ಲಾಸ್ಟಿಕ್ ಸುತ್ತಿ ಎತ್ತಿಟ್ಟಿದ್ದೆವು. ಏಪ್ರಿಲ್ ಚಾಟ್ನಿಯ, ಅಂದರೆ ಕಡ್ಡಿ ಕತ್ತರಿಸುವ ಕೆಲಸದ, ನಂತರ ಎಳೆ ಚಿಗುರು ಬಂದಿತ್ತು. ಸಂಜೆ ಗುಡುಗಿನ ಮಳೆ, ಜೊತೆಗೆ ಹತ್ತು ನಿಮಿಷ ಆಣೆಕಲ್ಲು. ಕಾಯಿಯೇ ಇಲ್ಲ, ಹೋಗುವುದೇನು ಅಂತ ನಾನು ಸುಮ್ನೆ ಇದ್ದೆ. ನಮ್ಮಲ್ಲಿ ಚಾಟ್ನಿ ಮಾಡುವ ಜತ್ ಕಡೆಯ ಕಾಕಾ ಕೈ ಹಿಡಿದು ಕರೆದೊಯ್ದರು. “ಅಣ್ಣಾರ, ಕಾಯಿ ಆಮ್ಯಾಲ ನೋಡೂಣು, ಮೊದಲ ಕಡ್ಡಿ ನೋಡ್ರಿ” ಅಂದರು. ಗಾಳಿ ಬಂದ ಪಡುವಣ ಮಗ್ಗುಲಿಗೆ ಮಾತ್ರ ಪೆಟ್ಟು. ಸಿಪ್ಪೆ ಸೀಳಿ ಒಳಗಿನ ಬಿಳಿ ಕಾಣುತ್ತಿತ್ತು, ಎರಡು ದಿನದಲ್ಲಿ ಅದು ಕಂದಾಯಿತು. ಎಷ್ಟೋ ತುದಿಗಳು ಮುರಿದು ನೇತಾಡುತ್ತಿದ್ದವು. ಚಾಟ್ನಿಯಾಗಿ ಸುಮಾರು 40ರಿಂದ 60 ದಿನದ ನಡುವೆ ಈ ಕಡ್ಡಿಯ ಕಣ್ಣಿನೊಳಗೇ, ಅಂದರೆ ಮೊಗ್ಗಿನೊಳಗೇ, ಮುಂದಿನ ಗೊನೆ ರೂಪಗೊಳ್ಳುತ್ತದೆ. ಅಕ್ಟೋಬರ್ ಚಾಟ್ನಿಯ ನಂತರ ಲೆಕ್ಕ ಮಾಡಿದಾಗ, ವಿಮೆಯ ಎಕರೆಯಲ್ಲೂ ಪ್ಲಾಸ್ಟಿಕ್ಕಿನ ಎಕರೆಯಲ್ಲೂ ಗೊನೆ ಕಮ್ಮಿ. ಬಲೆಯೊಳಗಿನ ಗಿಡದಲ್ಲಿ ಎಂದಿನಷ್ಟೇ.

ಹಾಗಾಗಿ ಒಂದಕ್ಕೇ ದುಡ್ಡಿದೆ ಅಂದರೆ ನಾನು ಬಲೆಯನ್ನೇ ಹೇಳುತ್ತೇನೆ. ಎರಡಕ್ಕಿದ್ದರೆ ಕಟಾವಿಗೆ ಮೊದಲ ಒಂದು ತಿಂಗಳು ಪ್ಲಾಸ್ಟಿಕ್ಕೂ ಇರಲಿ. ವಿಮೆಯನ್ನು ನಾನು ಬಿಡುವುದಿಲ್ಲ, ಆದರೆ ಅದೊಂದನ್ನೇ ನಂಬಿ ಗಿಡ ಬಯಲಿಗೆ ಬಿಡುವುದೂ ಇಲ್ಲ. ಮೂರನೇ ಎಕರೆಗೆ ತಂತಿ ಬಂದು ಬಿದ್ದಿದೆ. ಈ ಸಲದ ಏಪ್ರಿಲ್ ಚಾಟ್ನಿಗೆ ಮೊದಲೇ ಬಲೆ ಏರಿಸುತ್ತೇವೆ, ಕಾಕಾ ಆಗಲೇ ಕಂಬ ನೆಡುತ್ತಿದ್ದಾರೆ.