ಅಡಿಕೆ ಅಂಗಳದಲ್ಲಿ ಕಲಿತ ಸ್ಪ್ಯಾನಿಷ್: ‘ಲ್ಯಾಂಗ್ವೇಜ್ ಟ್ರಾನ್ಸ್‌ಫರ್’ ಧ್ವನಿಪಾಠಗಳ ವಿಮರ್ಶೆ

ಮಗಳು ಉದ್ಯೋಗದ ನಿಮಿತ್ತ ಸ್ಪೇನಿನಲ್ಲಿ ನೆಲೆಸಿದ ಮೇಲೆ ನಾನೂ ಹೆಂಡತಿಯೂ ಒಂದು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿಬರುವುದೆಂದು ನಿಶ್ಚಯವಾಯಿತು. ಹಗಲು ಹೊತ್ತು ಅವಳು ಕೆಲಸಕ್ಕೆ ಹೋದಾಗ ಅಂಗಡಿಗೋ ಬಸ್ಸಿಗೋ ನಾವೇ ಹೋಗಬೇಕಾಗುವುದರಿಂದ, ಹೊರಡುವ ಮೊದಲು ವ್ಯವಹಾರಕ್ಕೆ ಸಾಲುವಷ್ಟಾದರೂ ಸ್ಪ್ಯಾನಿಷ್ ಕಲಿತುಕೊಳ್ಳಬೇಕೆಂದು ಮೂರು ತಿಂಗಳು ಮುಂಚೆಯೇ ತೊಡಗಿದೆವು. ಮೊದಲು ಹಣ ಕೊಟ್ಟು ಸೇರಿದ ಒಂದು ಆನ್‌ಲೈನ್ ತರಗತಿಯಲ್ಲಿ ಎರಡು ವಾರ ಕ್ರಿಯಾಪದಗಳ ಕೋಷ್ಟಕವನ್ನೇ ಬಾಯಿಪಾಠ ಮಾಡಿಸಿದರು. ಒಂದು ವಾಕ್ಯವನ್ನೂ ಸ್ವಂತವಾಗಿ ಆಡಲು ಬಾರದೆ ಅದನ್ನು ಬಿಟ್ಟೆವು. ಆ ಮೇಲೆ ಸಿಕ್ಕಿದ್ದು ‘ಲ್ಯಾಂಗ್ವೇಜ್ ಟ್ರಾನ್ಸ್‌ಫರ್’ ಎಂಬ ಉಚಿತ ಧ್ವನಿಪಾಠಮಾಲೆ. ಕಾಸರಗೋಡಿನಂಥ ಕಡೆ ಬೆಳೆದ ಕನ್ನಡಿಗನಿಗೆ ಅದು ಎಷ್ಟು ಒದಗುತ್ತದೆ, ಎಲ್ಲಿ ಒದಗುವುದಿಲ್ಲ ಎಂಬುದನ್ನು ನಮ್ಮ ಅನುಭವದಿಂದ ಬರೆಯುತ್ತಿದ್ದೇನೆ.

ಈ ಪಾಠಗಳನ್ನು ಸಿದ್ಧಪಡಿಸಿದವರು ಮಿಹಾಲಿಸ್ ಎಲೆಫ್ತೆರಿಯು. ಸ್ಪ್ಯಾನಿಷ್‌ಗೆ ಒಟ್ಟು 90 ಪಾಠಗಳಿವೆ. ಹೆಚ್ಚಿನವು 10 ನಿಮಿಷದ ಆಸುಪಾಸಿನವು. ಶುಲ್ಕವಿಲ್ಲ; ಮನಸ್ಸಿದ್ದವರು ದೇಣಿಗೆ ಕೊಡಬಹುದು. ಅದರದೇ ಆ್ಯಪಿನಲ್ಲಿಯೂ ಯೂಟ್ಯೂಬಿನಲ್ಲಿಯೂ ಕೇಳಲು ಸಿಗುತ್ತದೆ. ನೆಟ್‌ವರ್ಕ್ ಬಂದು ಹೋಗಿ ಮಾಡುವ ನಮ್ಮ ಗುಡ್ಡದ ಬದಿಯಲ್ಲಿ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಂಡದ್ದು ಬಹಳ ಉಪಕಾರವಾಯಿತು. ಧ್ವನಿಯಲ್ಲಿ ಇರುವುದು ಅಧ್ಯಾಪಕರು ಮತ್ತು ಒಬ್ಬ ವಿದ್ಯಾರ್ಥಿನಿ ಮಾತ್ರ. ಅಧ್ಯಾಪಕರು ಪ್ರಶ್ನೆ ಕೇಳಿದೊಡನೆ ನಾವು ಧ್ವನಿಯನ್ನು ನಿಲ್ಲಿಸಿ, ಯೋಚಿಸಿ, ಉತ್ತರವನ್ನು ಗಟ್ಟಿಯಾಗಿ ಹೇಳಿ, ಅನಂತರ ಮುಂದೆ ಕೇಳಬೇಕು. ಬರೆದುಕೊಳ್ಳಬಾರದು, ಬಾಯಿಪಾಠ ಮಾಡಬಾರದು ಎಂಬುದೇ ಅವರ ನಿಯಮ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಮಗುಚುತ್ತಾ, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡು, ದಿನಕ್ಕೆ ಎರಡು ಪಾಠದಂತೆ ನಾನು ಒಂದೂವರೆ ತಿಂಗಳಿನಲ್ಲಿ ಮುಗಿಸಿದೆ. ಮತ್ತೆ ಮೊದಲಿನಿಂದ ಇನ್ನೊಂದು ಸುತ್ತು ಕೇಳಿದೆ. ಎರಡನೆಯ ಸುತ್ತಿನಲ್ಲಿಯೇ ನಾಲಿಗೆ ಸಡಿಲವಾದದ್ದು.

ಪಾಠಮಾಲೆಯ ಹೆಸರೇ ಅದರ ವಿಧಾನವನ್ನು ಹೇಳುತ್ತದೆ: ಗೊತ್ತಿರುವ ಭಾಷೆಯಿಂದ ಗೊತ್ತಿಲ್ಲದ ಭಾಷೆಗೆ ಸಾಮಾನು ಸಾಗಿಸುವುದು. ಲ್ಯಾಟಿನ್ ಮೂಲದಿಂದ ಇಂಗ್ಲಿಷಿಗೆ ಬಂದ ಪದಗಳನ್ನು ಹಿಡಿದು ಅವರು ಹೊರಡುತ್ತಾರೆ. ನಾರ್ಮಲ್, ಲೀಗಲ್ ಮುಂತಾದವು ಉಚ್ಚಾರವನ್ನಷ್ಟೇ ಬದಲಿಸಿಕೊಂಡು ಸ್ಪ್ಯಾನಿಷ್ ಆಗುತ್ತವೆ. ಇಂಗ್ಲಿಷಿನ ‘ಪ್ರಿಪರೇಶನ್’ ಅಲ್ಲಿ ‘ಪ್ರೆಪರಸಿಯೋನ್’, ಅದರಿಂದ ‘ಪ್ರೆಪರಾರ್’ ಎಂಬ ಕ್ರಿಯಾಪದ, ‘ಪ್ರೆಪಾರೊ’ ಎಂದರೆ ‘ತಯಾರಿಸುತ್ತೇನೆ’. ಹೀಗೆ ಮೊದಲ ವಾರದಲ್ಲಿಯೇ ನೂರಾರು ಪದಗಳು ಕೈಗೆ ಬಂದ ಧೈರ್ಯ ಹುಟ್ಟುತ್ತದೆ. ಆದರೆ ವಿವರಣೆಯೆಲ್ಲ ಇಂಗ್ಲಿಷಿನಲ್ಲಿಯೇ ಇರುವುದರಿಂದ ಇಂಗ್ಲಿಷ್ ಕೇಳಿ ಅಭ್ಯಾಸವಿಲ್ಲದವರಿಗೆ ಇದು ನೇರವಾಗಿ ದಕ್ಕುವುದಿಲ್ಲ. ಇದನ್ನು ನಾನು ದೊಡ್ಡ ಕೊರತೆಯೆಂದೇ ಎಣಿಸುತ್ತೇನೆ. ನನ್ನ ಹೆಂಡತಿಗೆ ಪ್ರತಿದಿನ ರಾತ್ರಿ ಊಟವಾದ ಮೇಲೆ ಅಂದಿನ ಪಾಠವನ್ನು ನಮ್ಮ ಮಾತಿನಲ್ಲಿ ಹೇಳಿಕೊಡಬೇಕಾಯಿತು. ನಾನು ನಿಜವಾಗಿ ಕಲಿತದ್ದು ಹಾಗೆ ಹೇಳಿಕೊಡುವಾಗಲೇ.

ಇಂಗ್ಲಿಷಿನವರಿಗೆಂದು ಅಧ್ಯಾಪಕರು ಬಿಡಿಸಿ ಬಿಡಿಸಿ ಹೇಳುವ ಎಷ್ಟೋ ಸಂಗತಿಗಳು ನಮಗೆ ಹುಟ್ಟಿನಿಂದಲೇ ಗೊತ್ತಿವೆ. ‘ಮೆ ಗುಸ್ತಾ’ ಎಂಬ ಪ್ರಯೋಗ ಬಂದಾಗ, ಇಲ್ಲಿ ‘ನಾನು’ ಕರ್ತೃವಲ್ಲ, ವಸ್ತುವೇ ‘ನನಗೆ’ ಇಷ್ಟವಾಗುತ್ತದೆ ಎಂದು ಅವರು ಸಾವಧಾನವಾಗಿ ವಿವರಿಸುತ್ತಾರೆ. ನಾನು ಅದನ್ನು ಹೇಳಲು ಹೊರಟಾಗ ಇವಳು ಅರ್ಧದಲ್ಲಿಯೇ ತಡೆದು, “ಅದು ನಮ್ಮ ‘ಎನಗೆ ಇಷ್ಟ’ ಹೇಳಿದ ಹಾಂಗೇ ಅಲ್ಲದೋ?” ಎಂದು ಕೇಳಿದಳು. ಹೌದು, ಅದೇ. ‘ಮೆ ದುಯೆಲೆ ಲಾ ಕಬೇಸಾ’ ಎಂದರೆ ‘ನನಗೆ ತಲೆ ನೋಯುತ್ತದೆ’. ‘ಆಬ್ಲೊ’ ಎಂದರೆ ‘ಮಾತನಾಡುತ್ತೇನೆ’. ‘ನಾನು’ ಎಂಬುದು ಕ್ರಿಯಾಪದದ ಕೊನೆಯಲ್ಲಿಯೇ ಅಡಗಿರುವುದರಿಂದ ಬೇರೆ ಹೇಳಬೇಕಾಗಿಲ್ಲ. ‘ತು’ ಮತ್ತು ‘ಉಸ್ತೇದ್’ ನಮ್ಮ ನೀನು, ನೀವು.

ಉಚ್ಚಾರದಲ್ಲಿ ನಮ್ಮ ನೆರವಿಗೆ ಬಂದದ್ದು ಮಲಯಾಳ. ಸ್ಪ್ಯಾನಿಷಿನಲ್ಲಿ ‘ಪೆರೊ’ ಎಂದರೆ ‘ಆದರೆ’, ‘ಪೆಱ್ಱೊ’ ಎಂದರೆ ‘ನಾಯಿ’. ಎರಡು ರಕಾರಗಳನ್ನು ಬೇರೆ ಮಾಡಿ ಆಡದಿದ್ದರೆ ಅರ್ಥ ಕೆಡುತ್ತದೆ. ಕನ್ನಡ ತನ್ನ ಶಕಟರೇಫವನ್ನು, ಎಂದರೆ ಹಳಗನ್ನಡದ ‘ಱ’ ಎಂಬ ಇನ್ನೊಂದು ರಕಾರವನ್ನು, ಬಳಕೆಯಿಂದ ಬಿಟ್ಟು ಬಹಳ ಕಾಲವಾಯಿತು. ಆದರೆ ದಡಕ್ಕೆ ‘ಕರ’, ಬಾಳೆಕಾಯಿಯ ಕಲೆಗೆ ‘ಕಱ’ ಎಂದು ಮಲಯಾಳದಲ್ಲಿ ದಿನವೂ ಕೇಳುವ ನಮ್ಮ ಕಿವಿಗೆ ಈ ಭೇದ ಹೊಸತಲ್ಲ. ಆ ಱಕಾರವನ್ನು ಇನ್ನಷ್ಟು ಹೊತ್ತು ನಡುಗಿಸಿದರೆ ‘ಪೆಱ್ಱೊ’ ಬರುತ್ತದೆ. ‘ಮಞಾನಾ’ (ನಾಳೆ), ‘ಬಾಞೊ’ (ಶೌಚಾಲಯ) ಎಂಬಲ್ಲಿನ ಞಕಾರ ಕನ್ನಡದಲ್ಲಿ ಬಿಡಿಯಾಗಿ ಬರುವುದೇ ಅಪರೂಪ, ಮಲಯಾಳದಲ್ಲಿ ಮಾತು ತೊಡಗುವುದೇ ‘ಞಾನ್’ ಎಂದು. ಮಲಯಾಳದ ಕ್ರಿಯಾಪದಕ್ಕೆ ನಾನು, ನೀನು, ಅವನು ಎಂಬ ಪ್ರತ್ಯಯಭೇದವಿಲ್ಲ, ಅದು ಕನ್ನಡದಲ್ಲಿದೆ. ಹಾಗಾಗಿ ಕ್ರಿಯಾಪದವನ್ನು ಕನ್ನಡದಿಂದಲೂ ಧ್ವನಿಯನ್ನು ಮಲಯಾಳದಿಂದಲೂ ಸಾಗಿಸಿಕೊಳ್ಳುವ ಅನುಕೂಲ ಗಡಿನಾಡಿನ ನಮಗಿದೆ. ಎರಡು ಭಾಷೆಗಳ ನಡುವೆ ಬದುಕುವುದನ್ನು ಹೊರೆಯೆಂದೇ ಕೇಳುತ್ತಾ ಬೆಳೆದ ನನಗೆ ಇದು ತುಂಬ ಸಂತೋಷ ಕೊಟ್ಟಿತು.

‘ಸೆರ್’ ಮತ್ತು ‘ಎಸ್ತಾರ್’ ಎಂಬ ಎರಡು ‘ಇರು’ಗಳ ವಿಷಯವನ್ನು ಪಾಠಮಾಲೆ ಚೆನ್ನಾಗಿ ನಿಭಾಯಿಸಿದೆ. ‘ಅವರು ವೈದ್ಯರು’ ಎನ್ನುವಾಗ ನಮಗೆ ಕ್ರಿಯಾಪದವೇ ಬೇಡ. ಅಲ್ಲಿ ಸ್ಪ್ಯಾನಿಷ್ ‘ಸೆರ್’ ಬಳಸುತ್ತದೆ. ‘ಅವರು ಮನೆಯಲ್ಲಿದ್ದಾರೆ’, ‘ದಣಿದಿದ್ದಾರೆ’ ಎನ್ನುವಾಗ ‘ಎಸ್ತಾರ್’. ಆದರೆ ಕನ್ನಡದೊಂದಿಗಿನ ಈ ಹೋಲಿಕೆಯನ್ನು ಕಣ್ಣು ಮುಚ್ಚಿ ನಂಬಬಾರದು. ‘ಅವಳು ಎತ್ತರ ಇದ್ದಾಳೆ’ ಎಂದು ನಾವು ಹೇಳುವಲ್ಲಿ ಅವರಿಗೆ ‘ಸೆರ್’ ಬೇಕು. ಲಿಂಗದ ವಿಷಯದಲ್ಲಿ ಮಾತ್ರ ಕನ್ನಡವೂ ಮಲಯಾಳವೂ ಕೈಬಿಡುತ್ತವೆ. ಮೇಜು ಹೆಣ್ಣು, ಪುಸ್ತಕ ಗಂಡು ಎಂದು ಯೋಚಿಸಿ ನಮಗೆ ಅಭ್ಯಾಸವಿಲ್ಲ. ಪೋರ್ಚುಗೀಸರಿಂದ ನಮಗೆ ಬಂದ ‘ಮೇಜು’ ಸ್ಪ್ಯಾನಿಷಿನಲ್ಲಿ ‘ಲಾ ಮೇಸಾ’ ಎಂದು ಸಿಕ್ಕಿದಾಗ ನೆಂಟರು ಸಿಕ್ಕಿದಂತಾಯಿತು, ಆದರೆ ‘ಓ’ಕಾರದಲ್ಲಿ ಮುಗಿಯುವ ‘ಮಾನೊ’ (ಕೈ) ಕೂಡ ಹೆಣ್ಣು ಎಂಬುದನ್ನು ಇಂದಿಗೂ ಮರೆಯುತ್ತೇನೆ.

ಇನ್ನು ಕೊರತೆಗಳು. ಇಲ್ಲಿ ಕಲಿಸುವುದು ವಾಕ್ಯದ ಕಟ್ಟೋಣವನ್ನು. ಸಂಖ್ಯೆ, ತರಕಾರಿ, ರೈಲು ನಿಲ್ದಾಣದ ಪದಗಳನ್ನು ಕಲಿಯುವವರೇ ಬೇರೆ ಕೂಡಿಸಿಕೊಳ್ಳಬೇಕು. ನಮ್ಮಂತಹ ಸಸ್ಯಾಹಾರಿಗಳಿಗೆ ‘ಸಿನ್’ (ಇಲ್ಲದೆ) ಎಂಬ ಒಂದು ಪದ, ಅದರ ಜೊತೆಗೆ ‘ಅತೂನ್’ (ಟ್ಯೂನಾ ಮೀನು), ‘ಹಮೋನ್’ (ಹಂದಿಮಾಂಸ), ‘ಉವೇಬೊ’ (ಮೊಟ್ಟೆ) ಎಂಬ ಮೂರು ಪದಗಳು ಅನಿವಾರ್ಯ. ಅಲ್ಲಿ ಹಸಿ ತರಕಾರಿಯ ಸಾಲಡ್ ಎಂದು ಕೊಡುವುದರಲ್ಲಿಯೂ ಟ್ಯೂನಾ ಇರುವುದು ಸಾಮಾನ್ಯ, ‘ತೋರ್ತೀಯಾ’ ಎಂದರೆ ಬಟಾಟೆ ಹಾಕಿದ ಮೊಟ್ಟೆಯ ದೋಸೆ. ದಕ್ಷಿಣ ಸ್ಪೇನಿನ ಗ್ರನಾಡಾ ನಗರದ ಅಂಗಡಿಗಳಲ್ಲಿ ಪಾನೀಯದೊಂದಿಗೆ ಒಂದು ತಟ್ಟೆ ತಿಂಡಿಯನ್ನು ಉಚಿತವಾಗಿ ಕೊಡುವ ರೂಢಿಯಿದೆ. ಅದು ಬರುವ ಮೊದಲೇ ನಾನು ‘ಸೋಮೋಸ್ ಬೆಹೆತಾರಿಯಾನೋಸ್, ನೋ ಕೊಮೇಮೋಸ್ ಕಾರ್ನೆ, ನಿ ಪೆಸ್ಕಾದೊ, ನಿ ಉವೇಬೋಸ್’ ಎಂದು ಮಾಂಸ, ಮೀನು, ಮೊಟ್ಟೆ ಮೂರನ್ನೂ ಬೇಡವೆಂದು ತಡವರಿಸದೆ ಹೇಳಿದೆ. ಅವರು ತಲೆಯಾಡಿಸಿ ಆಲಿವ್ ಕಾಯಿ, ಚೀಸ್ ತಂದಿಟ್ಟರು.

ಆದರೆ ಅದಕ್ಕೆ ಮುಂಚೆ ಅವರು ಕೇಳಿದ ‘ಪಾರಾ ಬೆಬೇರ್?’ (ಕುಡಿಯಲು?) ಎಂಬ ಎರಡೇ ಪದದ ಪ್ರಶ್ನೆ ನನಗೆ ಮೂರು ಸಲವಾದರೂ ಅರ್ಥವಾಗಲಿಲ್ಲ. ಆಡುವುದನ್ನು ಈ ಪಾಠಗಳು ಕಲಿಸುವಷ್ಟು ಕೇಳುವುದನ್ನು ಕಲಿಸುವುದಿಲ್ಲ. ಗ್ರನಾಡಾ ಇರುವ ಆಂದಲೂಸಿಯಾ ಪ್ರಾಂತದಲ್ಲಿ ಪದದ ಕೊನೆಯ ಸಕಾರವನ್ನು ನುಂಗಿ ಮಾತನಾಡುವುದರಿಂದ, ಧ್ವನಿಪಾಠದಲ್ಲಿ ಸ್ಪಷ್ಟವಾಗಿ ಕೇಳಿದ ಪದವೂ ಅಲ್ಲಿ ಬೇರೆಯದೇ ಪದವೆಂಬಂತೆ ಕೇಳುತ್ತದೆ. ಕೊನೆಯ ಒಂದು ತಿಂಗಳನ್ನಾದರೂ ‘ಡ್ರೀಮಿಂಗ್ ಸ್ಪ್ಯಾನಿಷ್’ನಂತಹ, ಚಿತ್ರ ಬರೆದು ನಿಧಾನವಾಗಿ ಮಾತನಾಡುವ ವಿಡಿಯೊಗಳನ್ನು ನೋಡಲು ಮೀಸಲಿಟ್ಟಿದ್ದರೆ ನಮಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಡೆಲೆ ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬೇಕೆನ್ನುವವರಿಗೆ ಓದು ಬರಹದ ಅಭ್ಯಾಸವೂ ಬೇಕಾದ್ದರಿಂದ ಈ ಪಾಠಮಾಲೆ ಒಂದೇ ಸಾಲದು. ಪ್ರವಾಸಕ್ಕೆ ಹೊರಟವರಿಗೆ ಮಾತ್ರ, ಮೂರು ತಿಂಗಳ ಅವಕಾಶವಿದ್ದರೆ, ಇದನ್ನು ನಾನು ಸಂಕೋಚವಿಲ್ಲದೆ ಸೂಚಿಸುತ್ತೇನೆ.

ಗ್ರನಾಡಾದ ಅಲಾಂಬ್ರಾ ಕೋಟೆಯ ಏರು ಹತ್ತಿಳಿದ ಮರುದಿನ ಇವಳಿಗೆ ಮೊಣಕಾಲು ನೋವು ತೊಡಗಿತು. ಹಸಿರು ಶಿಲುಬೆಯ ದೀಪವಿದ್ದ ಔಷಧದಂಗಡಿಗೆ ಮಾರನೆಯ ದಿನ ಹೋದೆವು. ನಾನು ಬಾಯಿ ತೆರೆಯುವ ಮೊದಲೇ ಇವಳು ಮುಂದೆ ನಿಂತು, “ಮೆ ದುಯೆಲೆ ಲಾ ಱೊದೀಯಾ” ಎಂದಳು. ಅಂಗಡಿಯಾಕೆ ಏನೋ ಕೇಳಿದರು. ‘ದೆಸ್ದೆ’ ಎಂಬುದು ಮಾತ್ರ ನನ್ನ ಕಿವಿಗೆ ಬಿತ್ತು. ಎಂದಿನಿಂದ ಎಂದು ಕೇಳಿದ್ದು ಇವಳಿಗೆ ಗೊತ್ತಾಯಿತು. “ದೆಸ್ದೆ ಅಯೇರ್,” ನಿನ್ನೆಯಿಂದ, ಎಂದು ಉತ್ತರಿಸಿದಳು.